‘ವಾಹಕ’ ಎಂಬ ಪದವಿಯ ಕುರಿತು

ತಳಿ ಕೇಂದ್ರದ ವ್ಯವಸ್ಥಾಪಕರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಲಾಯದಲ್ಲಿ ಹತ್ತೊಂಬತ್ತು ವರ್ಷದಿಂದ ಕುದುರೆಗಳ ಮೈ ಉಜ್ಜುತ್ತಿರುವ ನಾನು, ತಾವು ಕ್ಷೇಮವಾಗಿದ್ದೀರೆಂದೂ ತಮ್ಮ ಸ್ನಾಯುಗಳೆಲ್ಲ ಸುಸ್ಥಿತಿಯಲ್ಲಿವೆಯೆಂದೂ ನಂಬಿ, ತಮ್ಮ ಅಮೂಲ್ಯ ಸಮಯದಲ್ಲಿ ಐದು ನಿಮಿಷ ಬೇಡುತ್ತಿದ್ದೇನೆ.

ಆರು ವರ್ಷದ ಹಿಂದೆ ನಮ್ಮ ಬೀಜದ ಕುದುರೆಯ ರಕ್ತಪರೀಕ್ಷೆಯ ವರದಿ ಬಂದಾಗ, ಸ್ನಾಯುರೋಗದ ಸಾಲಿನ ಮುಂದೆ ‘ವಾಹಕ’ ಎಂದು ಬರೆದಿತ್ತು. ರೋಗದ ವಂಶವಾಹಿ ಒಂದನ್ನು ಮೈಯಲ್ಲಿಟ್ಟುಕೊಂಡು, ತಾನು ಮಾತ್ರ ಗಟ್ಟಿಮುಟ್ಟಾಗಿದ್ದು, ಮಕ್ಕಳಿಗೆ ಅದನ್ನು ದಾಟಿಸಬಲ್ಲ ಪ್ರಾಣಿ ಎಂದು ಅದರರ್ಥ. ತಾವಾದರೋ ಸವಾರನನ್ನು ಹೊರಲು ಯೋಗ್ಯ ಎಂದು ಓದಿಕೊಂಡು, ಆ ಹಾಳೆಗೆ ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದಿರಿ. ಪಶುವೈದ್ಯರು ತಲೆ ಚಚ್ಚಿಕೊಂಡು ವಿವರಿಸಿದಾಗ “ಅಯ್ಯೋ ಡಾಕ್ಟ್ರೇ, ರೋಗ ಇದ್ದಿದ್ರೆ ಹೀಗೆ ಓಡ್ತಿತ್ತಾ?” ಎಂದ ತಮ್ಮ ಪಾಂಡಿತ್ಯಕ್ಕೆ ನಾನು ಅಂದೇ ಕೈಮುಗಿದೆ.

ಆಮೇಲೆ ಇವನ ಅಜ್ಜನದೇ ಪೀಳಿಗೆಯ, ಅದೇ ದೋಷ ಹೊತ್ತ ಹೆಣ್ಣು ಕುದುರೆಯನ್ನು ಹುಡುಕಿ ತಂದು ಇವನಿಗೆ ಜೋಡಿ ಮಾಡಿಸಿದಿರಿ. ಅಪ್ಪನಿಂದೊಂದು, ಅಮ್ಮನಿಂದೊಂದು ಕೆಟ್ಟ ವಂಶವಾಹಿ ಪಡೆದು ಹುಟ್ಟಿದವಳೇ ನಮ್ಮ ಚೂಟಿ. ನಾಲ್ಕು ಮರಿಗಳಲ್ಲಿ ಒಂದಕ್ಕೆ ಹೀಗಾಗಬಹುದೆಂದು ವೈದ್ಯರು ಹೇಳಿದ್ದರು. ಆ ಒಂದು ನನ್ನ ಕೈಗೇ ಬಂತು. ಓಡಿ ಬಂದ ಅರ್ಧ ಗಂಟೆಯಲ್ಲಿ ಅವಳ ಹಿಂಭಾಗದ ಮಾಂಸಖಂಡ ಹಲಗೆಯಂತೆ ಬಿಗಿದು, ಬೆವರು ಧಾರಾಕಾರವಾಗಿ ಸುರಿದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ನನ್ನ ಹೆಗಲಿಗೆ ಹಣೆ ಒತ್ತಿಕೊಂಡು ಅವಳು ನಡುಗುವಾಗ ನಾನು ಅತ್ತಿದ್ದೇನೆ. ತಾವು ಅದನ್ನು ‘ಸೋಮಾರಿತನ’ ಎಂದು ದಾಖಲಿಸಿದಿರಿ.

ಈಗ ಓಡಲಾರದವಳು ತಾಯಿಯಾದರೂ ಆಗಲಿ ಎಂದು, ಬರುವ ಸೋಮವಾರ ಅವಳನ್ನು ಅವಳಪ್ಪನ ತಮ್ಮನ ಬಳಿಗೆ ಕಳಿಸಲು ಅಪ್ಪಣೆಯಾಗಿದೆ. ವರ ವಾವೆಯಲ್ಲಿ ಚಿಕ್ಕಪ್ಪ. ರಕ್ತದ ವರದಿಯಲ್ಲಿ ಅವನಿಗೂ ಅದೇ ಪದವಿ. ಹುಟ್ಟುವ ಮರಿ ಚೂಟಿಯಂತೆಯೇ ನರಳುವ ಸಾಧ್ಯತೆ ಅರ್ಧಕ್ಕರ್ಧ. ಸಂಬಂಧ ಕುದುರಿಸುವುದರಲ್ಲಿ ತಮ್ಮನ್ನು ಮೀರಿಸುವವರು ಯಾರೂ ಇಲ್ಲ ಸ್ವಾಮಿ.

ಆದ್ದರಿಂದ ನನ್ನ ಬಿನ್ನಹವೇನೆಂದರೆ, ತಾವು ಆ ವಂಶವಾಹಿಗೆ ನೋಟಿಸು ಜಾರಿ ಮಾಡಿ, ಮೂರು ದಿನದೊಳಗೆ ಮೂರು ತಲೆಮಾರಿನ ಮೈ ಖಾಲಿ ಮಾಡುವಂತೆ ಆದೇಶಿಸಬೇಕು. ಮಣಿಯದಿದ್ದರೆ ಅದನ್ನು ಯಾವುದಾದರೂ ಬೇರೆ ಪ್ರಾಣಿಗೆ ವರ್ಗಾಯಿಸಬೇಕು. ಇವೆರಡೂ ತಮ್ಮ ಅಧಿಕಾರದ ಆಚೆಗಿದ್ದಲ್ಲಿ, ಚೂಟಿಯನ್ನು ಹುಲ್ಲುಗಾವಲಿನಲ್ಲಿ ಅವಳ ಪಾಡಿಗೆ ಬಿಟ್ಟುಬಿಡಬೇಕು. ಸೋಮವಾರ ಅವಳ ಹಗ್ಗ ಹಿಡಿಯುವವನು ನಾನಲ್ಲ. ಬೇರೆಯವರು ಬಂದರೆ ಲಾಯದ ಬಾಗಿಲಿಗೆ ಅಡ್ಡ ನಿಂತಿರುತ್ತೇನೆ.

ತಮಗಿಂತ ಚೂಟಿಗೇ ಒಂದು ಹಿಡಿ ಹೆಚ್ಚು ನಿಷ್ಠನಾದ,
ತಮ್ಮ ವಿಶ್ವಾಸಿ,
ಲಾಯದವನು

ವಿ.ಸೂ.: ಈ ಪತ್ರದ ಒಂದು ಪ್ರತಿಯನ್ನು ಗಿರಾಕಿಗಳು ಕೂರುವ ಕೋಣೆಯಲ್ಲಿ ಅಂಟಿಸಿದ್ದೆ. ಅದನ್ನು ನಿಂತಲ್ಲೇ ಎರಡು ಸಲ ಓದಿದ ಹಿರಿಯರೊಬ್ಬರು, ಹೋದ ವರ್ಷ ತಾವು ಹೇಳಿದ ಮಾತು ನಂಬಿ ನಮ್ಮಲ್ಲೇ ಕೊಂಡ ಮರಿಯ ರಕ್ತ ಪರೀಕ್ಷೆ ಮಾಡಿಸಲು ಆಗಲೇ ಹೊರಟುಹೋದರು. ಸಂಜೆ ತಮ್ಮನ್ನು ಕಾಣಲು ಮನೆಗೇ ಬರುತ್ತಾರಂತೆ. ಎಷ್ಟಾದರೂ ತಮ್ಮ ಮಾವನವರಲ್ಲವೇ.