ಯಜಮಾನರಿಗೆ ಕೂದಲು ಬಂದ ದಿನ

ಹಸಿರಪ್ಪನ ಆ ದಿನದ ಕಷ್ಟಕ್ಕೆಲ್ಲ ಮೂಲ ಒಂದು ಹಳದಿ ಚುಕ್ಕೆ.

ಹಸಿರಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಆಫೀಸಿನವರು ಇಟ್ಟದ್ದು. ಅವನು ಕೆಲಸ ಮಾಡುತ್ತಿದ್ದುದು ಕುರ್ಚಿ ತಯಾರಿಸುವ ಒಂದು ಕಂಪನಿಯಲ್ಲಿ. ಕೂರುವ ಕುರ್ಚಿ, ಒರಗುವ ಕುರ್ಚಿ, ತಿರುಗುವ ಕುರ್ಚಿ, ಮಡಿಸುವ ಕುರ್ಚಿ, ಹೀಗೆ ಸಾವಿರಾರು ಕುರ್ಚಿಗಳ ಚಿತ್ರಗಳನ್ನು ಕಂಪ್ಯೂಟರಿನ ಒಂದು ದೊಡ್ಡ ಭಂಡಾರದಲ್ಲಿ ಇಟ್ಟಿದ್ದರು. ಅದೇ ಭಂಡಾರದ ಒಂದೊಂದು ನಕಲು ಲೆಕ್ಕಪತ್ರದ ವಿಭಾಗದಲ್ಲಿ, ಗೋದಾಮಿನಲ್ಲಿ, ಬ್ಯಾನರ್ ಅಚ್ಚು ಮಾಡುವ ಕೋಣೆಯಲ್ಲಿ, ಎಲ್ಲೆಲ್ಲೂ ಇತ್ತು. ಒಂದು ಕಡೆ ಚಿತ್ರ ಬದಲಾದರೆ ಎಲ್ಲ ಕಡೆಯೂ ತಾನಾಗಿ ಬದಲಾಗಬೇಕು. ಇದಕ್ಕೆ ಸಿಂಕ್ ಎನ್ನುತ್ತಾರೆ. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ದಿನವಿಡೀ ಪರದೆ ನೋಡುತ್ತ ಕೂರುವುದೇ ಅವನ ಉದ್ಯೋಗ. ನಡೆಯುತ್ತಿದ್ದರೆ ಹಸಿರು ಚುಕ್ಕೆ, ಒದ್ದಾಡುತ್ತಿದ್ದರೆ ಹಳದಿ, ಯಾರಾದರೂ ಬಂದ್ ಮಾಡಿದ್ದರೆ ಕೆಂಪು. ಕೆಂಪು ಕಂಡ ಕೂಡಲೇ ಎದ್ದುಹೋಗಿ ಅವರ ಮೇಜಿನ ಪಕ್ಕ ನಿಂತು "ಹಸಿರು ಮಾಡ್ಕೊಳ್ಳಿ, ದಯವಿಟ್ಟು ಹಸಿರು ಮಾಡ್ಕೊಳ್ಳಿ" ಎಂದು ಜೀವ ತಿನ್ನುತ್ತಿದ್ದ. ಹೆಸರು ಬಂದದ್ದು ಹಾಗೆ.

ಇಷ್ಟು ಕುರ್ಚಿಗಳನ್ನು ಕಾಯುತ್ತಿದ್ದರೂ ಅವನು ಕೂತಿದ್ದ ಕುರ್ಚಿ ಮಾತ್ರ ಖಾಯಂ ಆಗಿರಲಿಲ್ಲ. ಮೂರು ವರ್ಷದಿಂದ ತಾತ್ಕಾಲಿಕ. ಕಂಪನಿಯ ಬೆಳ್ಳಿಹಬ್ಬದ ಆ ಸಂಜೆ ಯಜಮಾನರೇ ಬಂದು ಒಬ್ಬರನ್ನು ಖಾಯಂ ಮಾಡುವುದಾಗಿ ಹೇಳಿದ್ದರು. ಇದ್ದದ್ದು ಒಂದೇ ಜಾಗ, ಕಾದಿದ್ದವರು ಇಬ್ಬರು: ಹಸಿರಪ್ಪ, ಮತ್ತು ಅವನ ಪಕ್ಕದ ಮೇಜಿನ ಗಡ್ಡದ ಡಿಸೈನರ್. ಈಗಾಗಲೇ ಹಸಿರಪ್ಪನ ಅತ್ತೆ "ನಮ್ಮ ಅಳಿಯಂದಿರು ಖಾಯಂ ಆದರು" ಎಂದು ಬೀದಿಗೆಲ್ಲ ಸಾರಿಬಿಟ್ಟಿದ್ದರು. ಖಾಯಂ ಆಗದೆ ಮನೆಗೆ ಹೋಗುವಂತಿರಲಿಲ್ಲ.

ಮಧ್ಯಾಹ್ನ ಡಿಸೈನರ್ ಚಹಾ ಕುಡಿಯಲು ಹೋದಾಗ ಅವನ ಚುಕ್ಕೆ ಹಳದಿಯಾಯಿತು. ಹಸಿರಪ್ಪ ಹೋಗಿ ಅವನ ಜಾಗದಲ್ಲಿ ಕೂತ. ಸಿಂಕ್ ಅಲ್ಲಾಡುತ್ತಿರಲಿಲ್ಲ. ಪರದೆಯ ಮೇಲೆ, ಬ್ಯಾನರಿಗೆಂದು ತೆಗೆದು ಹಿಂದಿನ ದಿನವೇ ಭಂಡಾರಕ್ಕೆ ಸೇರಿಸಿದ್ದ ಯಜಮಾನರ ಚಿತ್ರ ತೆರೆದೇ ಇತ್ತು. ತಲೆ ಅಂಗೈಯಷ್ಟು ನುಣ್ಣಗೆ ಹೊಳೆಯುತ್ತಿತ್ತು.

ಕಾಯುವವನ ಕೈ ಸುಮ್ಮನಿರುವುದಿಲ್ಲ. ಹಸಿರಪ್ಪ ತುಪ್ಪಳದ ದಿಂಬಿರುವ ಕಪ್ಪು ಕುರ್ಚಿಯೊಂದರ ಚಿತ್ರ ತೆಗೆದ. ದಿಂಬಿನಿಂದ ಒಂದಿಷ್ಟು ತುಪ್ಪಳ ಕತ್ತರಿಸಿ ಯಜಮಾನರ ತಲೆಗೆ ಅಂಟಿಸಿದ. ಚೆನ್ನಾಗಿ ಕಂಡಿತು. ಕಿವಿಯ ಹತ್ತಿರ ಸ್ವಲ್ಪ ಇಳಿಬಿಟ್ಟ. ಇನ್ನೂ ಚೆನ್ನಾಗಿ ಕಂಡಿತು. ಬೈತಲೆ ತೆಗೆದು, ಮುಂದೆ ಒಂದು ಗುಂಗುರು ಬಿಟ್ಟು, ತಲೆ ಓರೆ ಮಾಡಿ ನೋಡಿ ಒಬ್ಬನೇ ಕಿಸಕ್ಕನೆ ನಕ್ಕ. ಆಮೇಲೆ ಮುಚ್ಚಲು ಹೋದಾಗ "ಉಳಿಸಬೇಕೇ?" ಎಂದು ಕಂಪ್ಯೂಟರ್ ಕೇಳಿತು. ದಿನಕ್ಕೆ ನೂರು ಸಲ "ಹೌದು" ಒತ್ತಿ ಪಳಗಿದ ಬೆರಳು ನೂರಾಒಂದನೆಯ ಸಲವೂ ಒತ್ತಿಬಿಟ್ಟಿತು.

ಅದೇ ಗಳಿಗೆಗೆ ಹಳದಿ ಚುಕ್ಕೆ ಹಸಿರಾಯಿತು.

ಹಸಿರಪ್ಪ ಧಡಕ್ಕನೆ ಎದ್ದ. ತನ್ನ ಜಾಗಕ್ಕೆ ಓಡಿಬಂದು ನೋಡಿದರೆ ಲೆಕ್ಕಪತ್ರ ಹಸಿರು, ಮಾರಾಟ ಹಸಿರು, ಅಚ್ಚಿನ ಕೋಣೆ ಹಸಿರು. ಮೂರು ವರ್ಷದಲ್ಲಿ ಒಂದು ದಿನವೂ ಇಷ್ಟು ಚುರುಕಾಗಿ ಓಡದ ಸಿಂಕ್ ಅಂದು ಹಗ್ಗ ಬಿಚ್ಚಿದ ಕರುವಿನಂತೆ ಓಡುತ್ತಿತ್ತು. ಹಳೆಯ ಪ್ರತಿ ಉಳಿಸಿಕೊಳ್ಳುವ ಏರ್ಪಾಡು ಮೊದಲು ಇತ್ತು. ಜಾಗ ಸಾಲದೆಂದು ಹೋದ ತಿಂಗಳು ಅದನ್ನು ನಿಲ್ಲಿಸಿದವನೂ ಇವನೇ. ಚಿತ್ರ ತೆಗೆದ ಫೋಟೋಗ್ರಾಫರ್ ಕ್ಯಾಮೆರಾ ಸಮೇತ ಊರಿಗೆ ಹೋಗಿದ್ದ. ಎಂದರೆ ಯಜಮಾನರ ಬೋಳುತಲೆ ಇಡೀ ಕಂಪನಿಯಲ್ಲಿ ಎಲ್ಲಿಯೂ ಇರಲಿಲ್ಲ, ಸ್ವತಃ ಯಜಮಾನರ ಮೇಲೆ ಬಿಟ್ಟರೆ.

ಆಗ ಕಂಡಿತು ಒಂದು ಕೆಂಪು ಚುಕ್ಕೆ. ಗೋದಾಮು! ಅಲ್ಲಿ ಸಿಂಕ್ ಬಂದ್. ಅಲ್ಲಿ ಹಳೆಯ ಚಿತ್ರ ಇನ್ನೂ ಹಾಗೇ ಇದೆ! ಕೆಂಪನ್ನು ಕಂಡು ಅವನಿಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಕೂಡಲೇ ಗೋದಾಮಿನ ಮೇಲ್ವಿಚಾರಕರಿಗೆ ಫೋನ್ ಮಾಡಿದ. ವಯಸ್ಸಾದವರು, ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು.

"ಮಾವಾ, ನಿಮ್ಮದು ಕೆಂಪಿದೆ!"

"ಗೊತ್ತಪ್ಪಾ, ಗೊತ್ತು. ಬೆಳಿಗ್ಗೆನೇ ಬಂದು ತಲೆ ತಿಂದಿದೀಯಲ್ಲ. ಇಗೋ, ಈಗಲೇ ಹಾಕ್ತಾ ಇದೀನಿ."

"ಬೇಡ! ಬೇಡ ಮಾವ! ಮುಟ್ಟಬೇಡಿ!"

"ಏನಂದೆ?"

"ಹಸಿರು ಬೇಡ ಅಂದೆ!"

"ಜ್ವರ ಗಿರ ಬಂದಿದೆಯೇನೋ ಮಗಾ?"

"ನಾನು ಬರೋವರೆಗೂ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ನಿಮಗೆ ಕೈ ಮುಗೀತೀನಿ!"

ಮುಂದೆ ಅಚ್ಚಿನ ಕೋಣೆಗೆ ಫೋನ್. "ಅಣ್ಣಾ, ಬ್ಯಾನರ್ ಶುರು ಮಾಡಿದ್ರಾ?"

"ಆಗ್ಲೇ ಶುರುವಾಯ್ತಲ್ಲ. ತಲೆಕೆಳಗಾಗಿ ಬರ್ತಾ ಇದೆ. ಮೊದಲು ಬೂಟು ಬಂತು, ಹೊಟ್ಟೆ ಬಂತು, ಈಗ ಮೂಗಿನ ಹತ್ರ ಇದೆ."

"ಮೂಗಿಗೆ ನಿಲ್ಲಿಸಿ ಅಣ್ಣಾ! ಮೂಗಿನಿಂದ ಮೇಲೆ ಹೋಗಬೇಡಿ!"

"ಯಾಕಪ್ಪಾ, ಮೇಲೇನಿದೆ?"

"ಆಮೇಲೆ ಹೇಳ್ತೀನಿ. ಮತ್ತೆ ಹೊಸ ಚಿತ್ರ ಬರುತ್ತೆ, ಅದನ್ನ ಹಾಕಿ."

ಯಂತ್ರ ನಿಂತ ಸದ್ದು ಕೇಳಿತು. ಯಜಮಾನರನ್ನು ತಲೆಕೆಳಗಾಗಿ ಅಚ್ಚು ಹಾಕಿದ ಆ ಪುಣ್ಯಾತ್ಮನನ್ನು ಹಸಿರಪ್ಪ ಮನಸಾರೆ ಹರಸಿದ. ಮೇಲಿನಿಂದ ಅಚ್ಚು ಹಾಕಿದ್ದರೆ ಕೂದಲೇ ಮೊದಲು ಬರುತ್ತಿತ್ತು.

ಗೋದಾಮಿಗೆ ಹೊರಟವನನ್ನು ಲೆಕ್ಕಪತ್ರದ ಅಕ್ಕ ಬಾಗಿಲಲ್ಲೇ ಹಿಡಿದರು. ಆಫೀಸಿನಲ್ಲಿ ಅವರಿಗೆ ತಿಳಿಯದ ಸಂಗತಿಯಿಲ್ಲ, ಅವರಿಗೆ ತಿಳಿದ ಮೇಲೆ ಯಾರಿಗೂ ತಿಳಿಯದ ಸಂಗತಿಯಿಲ್ಲ.

"ಏ, ಯಜಮಾನರಿಗೆ ಕೂದಲು ಬಂದಿದೆ, ನೋಡಿದ್ಯಾ?"

"ನಾನಲ್ಲ ಅಕ್ಕಾ!" ಎಂದ ಹಸಿರಪ್ಪ.

"ನೀನು ಅಂತ ಯಾರಂದ್ರು?"

"ಯಾರೂ ಅಂದಿಲ್ಲ. ಅದಕ್ಕೇ ಮೊದಲೇ ಹೇಳ್ತಿದೀನಿ. ನಾನು ಮುಟ್ಟಿಲ್ಲ, ನೋಡಿಲ್ಲ, ಕೂದಲು ಹಚ್ಚೋದು ಹೇಗಂತಾನೂ ನಂಗೆ ಗೊತ್ತಿಲ್ಲ!"

ಅಷ್ಟರಲ್ಲಿ ನಾಲ್ಕಾರು ಜನ ಸೇರಿದರು. ಮಾರಾಟದವರು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಸಿರಪ್ಪ ಒಬ್ಬೊಬ್ಬರ ಮುಂದೆಯೂ "ನನ್ನ ಕೈವಾಡ ಇಲ್ಲ" ಎಂದು ಆಣೆ ಹಾಕಿದ. "ಅಯ್ಯೋ ಪಾಪ, ಬಿಡ್ರೋ ಅವನನ್ನ, ಹೆದರಿಬಿಟ್ಟಿದಾನೆ" ಎಂದು ಅಕ್ಕನೇ ಅವನನ್ನು ಬಿಡಿಸಿ ಕಳಿಸಿದರು.

ಮೆಟ್ಟಿಲ ಮೇಲೆ ಡಿಸೈನರ್ ಎದುರಾದ. ಕೈಯಲ್ಲಿ ಚಹಾದ ಲೋಟ ಹಾಗೇ ಇತ್ತು.

"ನನ್ನ ಕಂಪ್ಯೂಟರಿಂದ ಹೋಗಿದೆಯಂತೆ. ನಾನಂತೂ ಅಲ್ಲಿರಲಿಲ್ಲ." ಸ್ವರ ತಗ್ಗಿಸಿ ಕೇಳಿದ, "ನೀನೇ ತಾನೇ?"

ಹಸಿರಪ್ಪ ಆಚೀಚೆ ನೋಡಿದ. ಹೌದೆಂದು ತಲೆಯಾಡಿಸಿದ.

ಡಿಸೈನರ್ ಗಡ್ಡ ಕೆರೆದುಕೊಂಡ. "ಸರಿ. ಯಜಮಾನರು ಕೇಳಿದ್ರೆ ನಾನೇ ಅಂತ ಹೇಳ್ತೀನಿ ಬಿಡು."

"ಹುಚ್ಚಾ ನಿಂಗೆ? ಖಾಯಂ ಹಾಗಿರಲಿ, ಇರೋ ಕೆಲಸಾನೂ ಹೋಗುತ್ತೆ!"

"ಹೋದ್ರೆ ಹೋಗ್ಲಿ. ನಾನು ಒಂಟಿ ಆಳು, ಬೇರೆ ಎಲ್ಲಾದ್ರೂ ನೋಡ್ಕೊಳ್ತೀನಿ. ನಿಂಗೆ ಹೆಂಡ್ತಿ ಇದಾಳೆ, ಮಗು ಇದೆ." ಸ್ವಲ್ಪ ತಡೆದು ಸೇರಿಸಿದ, "ಅತ್ತೆ ಬೇರೆ ಇದಾರೆ."

ಹಸಿರಪ್ಪನ ಕಣ್ಣಲ್ಲಿ ನೀರು ದಳದಳ ಇಳಿಯಿತು. ಒಡಹುಟ್ಟಿದವರೂ ಹೀಗೆ ಮಾಡಲಾರರು. "ನಿನ್ನ ಈ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ ಕಣೋ" ಎಂದು ಅವನನ್ನು ತಬ್ಬಿಕೊಂಡ. ಚಹಾ ಇಬ್ಬರ ಅಂಗಿಯ ಮೇಲೂ ಚೆಲ್ಲಿತು.

ಗೋದಾಮಿನಲ್ಲಿ ಮಾವ ಫ್ಯಾನಿನ ಎದುರು ಕಾಲು ಚಾಚಿ ಕೂತಿದ್ದರು. ಸಿಂಕ್ ಯಾಕೆ ಬಂದ್ ಆಗಿದೆಯೆಂದು ಆಗ ತಿಳಿಯಿತು. ಕಂಪ್ಯೂಟರಿನ ಪ್ಲಗ್ಗು ಕಿತ್ತು ಅಲ್ಲಿ ಫ್ಯಾನಿನ ಪ್ಲಗ್ಗು ಹಾಕಿದ್ದರು.

"ಸೆಕೆ ಮಗಾ. ಕಂಪ್ಯೂಟರಿಗೇನು ಬೆವರುತ್ತಾ?"

"ಮಾವಾ, ನಿಮ್ಮ ಫ್ಯಾನು ತಣ್ಣಗಿರಲಿ!" ಎಂದು ಹಸಿರಪ್ಪ ಅವರ ಎರಡೂ ಕೈ ಹಿಡಿದುಕೊಂಡ. ಮೂರು ವರ್ಷದಿಂದ ಇದೇ ಮನುಷ್ಯನೊಂದಿಗೆ ಇದೇ ಪ್ಲಗ್ಗಿನ ವಿಷಯಕ್ಕೆ ಜಗಳವಾಡಿದ್ದ. ಈಗ ನೆನೆದರೆ ನಾಚಿಕೆಯಾಯಿತು. ನೆಟ್‌ವರ್ಕಿನ ತಂತಿ ಕಿತ್ತು, ಕಂಪ್ಯೂಟರ್ ಹಚ್ಚಿ, ಹಳೆಯ ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿಕೊಂಡ. ಅಷ್ಟು ಹೊತ್ತೂ ಮಾವ ಫ್ಯಾನಿಲ್ಲದೆ ಬೆವರುತ್ತ, ರಟ್ಟಿನ ತುಂಡಿನಿಂದ ತಮಗೂ ಅವನಿಗೂ ಗಾಳಿ ಹಾಕಿದರು.

ಮೇಲೆ ಬಂದು ಹಳೆಯ ಚಿತ್ರವನ್ನು ಭಂಡಾರಕ್ಕೆ ಏರಿಸಿದ. ಒಂದೊಂದೇ ಚುಕ್ಕೆ ಹಳದಿಯಾಗಿ ಮತ್ತೆ ಹಸಿರಾಯಿತು. ಎಲ್ಲ ಕಡೆಯೂ ತುಪ್ಪಳ ಮಾಯವಾಗಿ ನುಣ್ಣನೆ ತಲೆ ಮರಳಿತು. ಅಷ್ಟು ಚೆಲುವಾದ ಬೋಳುತಲೆಯನ್ನು ಹಸಿರಪ್ಪ ಹುಟ್ಟಿದ ಮೇಲೆ ನೋಡಿರಲಿಲ್ಲ. ಅಚ್ಚಿನ ಕೋಣೆಯಲ್ಲಿ ಹೊಸ ಬ್ಯಾನರ್ ಬೂಟಿನಿಂದ ನೆತ್ತಿಯವರೆಗೂ ಸರಿಯಾಗಿ ಬಂತು. ಕಂಡಕಂಡವರಿಗೆಲ್ಲ ಥ್ಯಾಂಕ್ಸ್ ಹೇಳುತ್ತ ಓಡಾಡಿದ. ಲಿಫ್ಟಿನಲ್ಲಿ ಸಿಕ್ಕ, ಯಾರೆಂದೇ ತಿಳಿಯದ ಒಬ್ಬರಿಗೂ ಹೇಳಿದ. ಇಂಥ ಜನರ ನಡುವೆ ಕೆಲಸ ಮಾಡಲು ಪುಣ್ಯ ಬೇಕು ಎಂದುಕೊಂಡ.

ಸಂಜೆ ಯಜಮಾನರು ಬಂದರು. ಎಲ್ಲರೂ ಬ್ಯಾನರಿನ ಕೆಳಗೆ ಸೇರಿದ್ದರು. ಯಜಮಾನರು ಬ್ಯಾನರನ್ನು ನೋಡಿದರು, ತಮ್ಮ ಫೋನನ್ನು ನೋಡಿದರು, ಮತ್ತೆ ಬ್ಯಾನರನ್ನು ನೋಡಿದರು. ಮುಖ ಗಂಟಿಕ್ಕಿತು.

ಹಸಿರಪ್ಪ ಹಣೆಗೆ ಕೈ ಹೊಡೆದುಕೊಂಡ. ಹೋದ ವಾರ ಯಜಮಾನರ ಫೋನನ್ನೂ ಭಂಡಾರಕ್ಕೆ ಜೋಡಿಸಿಕೊಟ್ಟಿದ್ದವನು ಅವನೇ. ಆ ಗಡಿಬಿಡಿಯಲ್ಲಿ ಅದು ನೆನಪಿಗೇ ಬಂದಿರಲಿಲ್ಲ.

"ಮಧ್ಯಾಹ್ನ ನನ್ನ ಚಿತ್ರಕ್ಕೆ ಕೂದಲು ಹಚ್ಚಿದ್ದು ಯಾರು?" ಎಂದು ಯಜಮಾನರು ಗುಡುಗಿದರು.

ಗಡ್ಡದ ಡಿಸೈನರ್ ಕೊಟ್ಟ ಮಾತಿಗೆ ತಪ್ಪದೆ ಒಂದು ಹೆಜ್ಜೆ ಮುಂದೆ ಬಂದ. "ನಾನೇ ಸಾರ್. ತಪ್ಪಾಯ್ತು."

ಹಸಿರಪ್ಪ ಕೃತಜ್ಞತೆಯಿಂದ ಕಣ್ಣು ಒರೆಸಿಕೊಂಡ.

"ತಪ್ಪಾ?" ಯಜಮಾನರು ಎರಡೇ ಹೆಜ್ಜೆಗೆ ಬಂದು ಡಿಸೈನರನ್ನು ಅಪ್ಪಿಕೊಂಡರು. "ಅಲ್ಲಯ್ಯಾ, ಆ ಚಿತ್ರ ನೋಡಿ ನಮ್ಮ ಮನೆಯವರು ಏನಂದ್ರು ಗೊತ್ತಾ? ಮದುವೆಯಾದಾಗ ಹೀಗೇ ಇದ್ರಿ ಅಂದ್ರು! ಅವರು ನನ್ನನ್ನ ನೋಡಿ ನಾಚಿಕೊಂಡು ಎಷ್ಟು ವರ್ಷ ಆಗಿತ್ತು! ಇವತ್ತಿಂದ ನೀನು ಖಾಯಂ!"

ಚಪ್ಪಾಳೆ ಬಿತ್ತು. ಡಿಸೈನರ್ ಒಳ್ಳೆಯವನು, ಅವನೇ ಗಾಬರಿಯಿಂದ, "ಸಾರ್, ನಿಜವಾಗಿ ಹಚ್ಚಿದ್ದು ನಾನಲ್ಲ, ಇವನು!" ಎಂದು ಹಸಿರಪ್ಪನನ್ನು ಮುಂದಕ್ಕೆ ಎಳೆದ.

"ಹೌದು ಸಾರ್, ನಾನೇ!" ಎಂದು ಹಸಿರಪ್ಪ ಕಷ್ಟಪಟ್ಟು ಹೇಳಿದ.

"ಸುಳ್ಳು ಸಾರ್!" ಎಂದರು ಲೆಕ್ಕಪತ್ರದ ಅಕ್ಕ, ಹೊಗಳುವ ಧ್ವನಿಯಲ್ಲೇ. "ಇವನು ಮುಟ್ಟಿಲ್ಲ, ನೋಡಿಲ್ಲ, ಹೇಗೆ ಹಚ್ಚೋದು ಅಂತಾನೂ ಗೊತ್ತಿಲ್ಲ. ನಮ್ಮೆಲ್ಲರ ಮುಂದೆ ಆಣೆ ಮಾಡಿದಾನೆ. ಗೆಳೆಯನ ಮಾತು ಸುಳ್ಳಾಗದಿರಲಿ ಅಂತ ಈಗ ಹೀಗೆ ಹೇಳ್ತಿದಾನೆ, ಪಾಪ!"

ಮಾರಾಟದವರೆಲ್ಲ ಹೌದೆಂದು ತಲೆಯಾಡಿಸಿದರು.

ಯಜಮಾನರಿಗೆ ಹೃದಯ ತುಂಬಿಬಂತು. "ಒಬ್ಬರಿಗೊಬ್ಬರು ಬಿಟ್ಟುಕೊಡ್ತಿದೀರಿ! ಇರಲಿ. ಆದರೆ ನಮ್ಮ ತಾಯಿಗೆ ತೋರಿಸೋಣ ಅಂತ ಫೋನ್ ತೆಗೀತೀನಿ, ಕೂದಲೇ ಇಲ್ಲ! ಮತ್ತೆ ಬೋಳು! ಅದನ್ನ ಅಳಿಸಿದ್ದು ಯಾರು?"

ಹಿಂದಿನಿಂದ ಗೋದಾಮಿನ ಮಾವ ಕೈಯೆತ್ತಿದರು. ಬೆಳಗಿನಿಂದ ಪಾಪದ ಹುಡುಗನಿಗೆ ಯಾರೂ ಒಂದು ಒಳ್ಳೆಯ ಮಾತು ಹೇಳಿಲ್ಲವಲ್ಲ ಎಂದು ಅವರಿಗೆ ಅನ್ನಿಸಿತ್ತು. "ಅದು ಈ ಹುಡುಗನೇ ಸಾರ್! ಏದುಸಿರು ಬಿಡ್ತಾ ನನ್ನ ಹತ್ರ ಓಡಿಬಂದು, ಬೆವರು ಸುರಿಸಿ, ನಿಮ್ಮ ಬೋಳುತಲೆ ಉಳಿಸಿದ್ದು ಇವನೊಬ್ಬನೇ!"

ಯಜಮಾನರು ಹಸಿರಪ್ಪನ ಕಡೆ ತಿರುಗಿದರು.

"ಹಬ್ಬದ ದಿನ ಅಂತ ಬಿಟ್ಟಿದೀನಿ. ಇನ್ನೊಂದು ವರ್ಷ ತಾತ್ಕಾಲಿಕವಾಗೇ ಇರು, ಆಮೇಲೆ ನೋಡೋಣ."

"ಥ್ಯಾಂಕ್ಸ್ ಸಾರ್" ಎಂದ ಹಸಿರಪ್ಪ.

ಯಜಮಾನರು ಹೊರಡುವಾಗ ಡಿಸೈನರನ ಬೆನ್ನು ತಟ್ಟಿ, ಅದೇ ಕೂದಲು ಬೆಳಗಾಗುವಷ್ಟರಲ್ಲಿ ಮತ್ತೆ ಬೇಕು, ಒಂದು ಎಳೆಯೂ ಆಚೀಚೆ ಆಗಬಾರದು ಎಂದು ಹೇಳಿ ಹೋದರು.

ಎಲ್ಲರೂ ಚದುರಿದ ಮೇಲೆ ಡಿಸೈನರ್ ತಲೆ ತಗ್ಗಿಸಿಕೊಂಡು ಹಸಿರಪ್ಪನ ಮೇಜಿನ ಪಕ್ಕ ಬಂದು ನಿಂತ.

"ಲೋ... ಬೈಬೇಡ. ಆ ಕೂದಲು ಎಲ್ಲಿಂದ ತಂದೆ ನೀನು?"

ಹಸಿರಪ್ಪ ಕೋಪ ಮಾಡಿಕೊಳ್ಳಲು ನೋಡಿದ. ಬರಲಿಲ್ಲ. ತನಗಾಗಿ ಕೆಲಸ ಕಳೆದುಕೊಳ್ಳಲು ಸಿದ್ಧನಾಗಿ ಆ ಮೆಟ್ಟಿಲ ಮೇಲೆ ನಿಂತಿದ್ದವನು ಇವನೇ. ಕೊನೆಗೆ ಹೀಗಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ಹಸಿರಪ್ಪ ಎದ್ದು ಹೋಗಿ ಡಿಸೈನರನ ಖಾಯಂ ಕುರ್ಚಿಯಲ್ಲಿ ಕೂತು ಚಿತ್ರ ತೆರೆದ. ಗೆಳೆಯ ಪಕ್ಕದಲ್ಲಿ ನಿಂತು ಗಾಳಿ ಹಾಕಿದ.

"ಇನ್ನೊಂದು ಮಾತು" ಎಂದ ಡಿಸೈನರ್ ಮೆಲ್ಲಗೆ. "ಬೈತಲೆ ಸ್ವಲ್ಪ ಎಡಕ್ಕಿರಲಿ ಅಂತ ಯಜಮಾನರ ಮನೆಯವರು ಹೇಳಿ ಕಳಿಸಿದಾರೆ."

ಹಸಿರಪ್ಪ ಬೈತಲೆಯನ್ನು ಸ್ವಲ್ಪ ಎಡಕ್ಕೆ ಸರಿಸಿದ.