ಅತ್ತೆ ಕಲಿತ ‘ಅಥವಾ’

ಸೊರಬ ತಾಲ್ಲೂಕಿನಲ್ಲಿ ಜನ ಆಡುವ ನಿಜ-ಸುಳ್ಳುಗಳನ್ನು ತೂಗಿ ನೋಡುವವರು ಇಬ್ಬರೇ. ಒಬ್ಬ ಚಿತ್ರಗುಪ್ತ, ಇನ್ನೊಬ್ಬರು ನಮ್ಮತ್ತೆ. ಚಿತ್ರಗುಪ್ತನಿಗೆ ಲೋಕದ ಕೆಲಸವೆಲ್ಲ ಇರುವುದರಿಂದ ಸೊರಬದ ಭಾರ ಪೂರ್ತಿ ಅತ್ತೆಯ ಮೇಲೆಯೇ ಬಿದ್ದಿದೆ. ಅತ್ತೆ ಎಂದಕೂಡಲೇ ಹುಬ್ಬೇರಿಸಬೇಡಿ. ಗಂಡನ ತಾಯಿಯ ಬಗ್ಗೆ ಹೀಗೆಲ್ಲ ಬರೆಯುವ ಧೈರ್ಯ ನನಗೆಲ್ಲಿದೆ? ಇವರು ನಮ್ಮಪ್ಪನ ತಂಗಿ, ಸೋದರತ್ತೆ. ಸೊರಬದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬ್ಲೌಸ್ ಹೊಲಿಯುತ್ತಾರೆ. ಮದುವೆಯಾಗಿಲ್ಲ. ವಯಸ್ಸು ಐವತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳಿದವರ ಬ್ಲೌಸು ತಡವಾಗುತ್ತದೆ.

ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಗಣಿತದ ಮೇಡಂ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಅತ್ತೆಯ ಅಂಗಡಿಗೆ ಬಂದು, ಬಟ್ಟೆಯ ತುಂಡುಗಳ ರಾಶಿಗೆ ಒರಗಿ, ಮಷೀನಿನ ಸದ್ದಿಗೆ ನಿದ್ದೆ ಹೋಗುವುದು ನನ್ನ ಅಭ್ಯಾಸ. ಅಂಥದ್ದೊಂದು ಚಳಿಗಾಲದ ಮಧ್ಯಾಹ್ನ ಎಚ್ಚರಾದಾಗ ಮಷೀನು ನಿಂತಿತ್ತು. ಬಾಗಿಲಿನ ಬಿಸಿಲಿನಲ್ಲಿ ಬಟ್ಟೆಯ ಧೂಳು ಮೆಲ್ಲಗೆ ತೇಲುತ್ತಿತ್ತು. ಅತ್ತೆ ನನ್ನ ಚೀಲದಿಂದ ತರ್ಕಶಾಸ್ತ್ರದ ಪುಸ್ತಕ ತೆಗೆದು, ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂತಿದ್ದರು.

“ಇದೆಂತದೇ ಮಾರಾಯ್ತಿ, ಮಧ್ಯೆ ಮಧ್ಯೆ ವಿ ನೆಕ್ ಬಿಡಿಸಿದ್ದಾರೆ?”

ಅದು ‘ಅಥವಾ’ ಎಂಬುದರ ಗುರುತು, ತಲೆಕೆಳಗೆ ಮಾಡಿದರೆ ‘ಮತ್ತು’, ಈ ಸೊಟ್ಟ ಗೆರೆ ‘ಅಲ್ಲ’, ಬಾಣ ಬಂದರೆ ‘ಹೀಗಾದರೆ ಹಾಗೆ’ ಎಂದು ವಿವರಿಸಿದೆ. ಒಂದೊಂದು ವಾಕ್ಯಕ್ಕೂ ಒಂದೊಂದು ಅಕ್ಷರ ಇಟ್ಟುಬಿಡುತ್ತಾರೆ. ವಾಕ್ಯ ಏನು ಹೇಳುತ್ತದೆ ಎಂಬುದು ಮುಖ್ಯವಲ್ಲ. ಅದು ನಿಜವೋ ಸುಳ್ಳೋ, ಇನ್ನೊಂದರ ಜೊತೆ ಹೇಗೆ ಸೇರಿದೆ ಎಂಬುದಷ್ಟೇ ಮುಖ್ಯ ಎಂದೆ.

“ಬಟ್ಟೆ ಯಾವುದಾದರೂ ಇರಲಿ, ಹೊಲಿಗೆ ಸರಿ ಉಂಟಾ ಅಂತ ನೋಡೋದು,” ಎಂದರು ಅತ್ತೆ.

ಅಂದಿನಿಂದ ಅವರ ಕಟಿಂಗ್ ಮೇಜಿನ ಮೇಲೆಲ್ಲ ಬಟ್ಟೆ ಗುರುತು ಹಾಕುವ ಚಾಕಿನಲ್ಲಿ ‘ನಿ’ ಮತ್ತು ‘ಸು’. ನಿಜದ ನಿ, ಸುಳ್ಳಿನ ಸು. ನಿಜ-ಸುಳ್ಳು ಕೂಡುವ ಬಗೆಗಳನ್ನೆಲ್ಲ ಬರೆದರೆ ಎರಡು ವಾಕ್ಯಕ್ಕೆ ನಾಲ್ಕು ಸಾಲು, ಮೂರಕ್ಕೆ ಎಂಟು. ಒಮ್ಮೆ ಎಂಟು ಸಾಲಿನ ಕೋಷ್ಟಕ ಇಡಿಯಾಗಿ ಯಾರದೋ ಬ್ಲೌಸಿನ ಲೈನಿಂಗಿಗೆ ಅಂಟಿಕೊಂಡು ಒಂದು ಗೃಹಪ್ರವೇಶಕ್ಕೆ ಹೋಗಿ ಊಟ ಮಾಡಿಕೊಂಡು ಬಂತು!

ಆಮೇಲೆ ಗಿರಾಕಿಗಳ ಪಾಡು ಕೇಳಿ. “ಉದ್ದ ತೋಳಾದರೂ ಇಡಿ, ಅಥವಾ ಬುಗ್ಗೆ ತೋಳಾದರೂ ಇಡಿ” ಎಂದು ಒಬ್ಬಾಕೆ ಹೇಳಿ ಹೋದರೆ ಅತ್ತೆ ಎರಡನ್ನೂ ಇಟ್ಟರು. ಭುಜದ ಮೇಲೆ ಬುಗ್ಗೆ, ಅಲ್ಲಿಂದ ಮಣಿಕಟ್ಟಿನವರೆಗೆ ತೋಳು.

“ಇದೇನ್ರೀ ಇದು?”

“ತರ್ಕದಲ್ಲಿ ‘ಅಥವಾ’ ಅಂದ್ರೆ ಎರಡೂ ಆಗಬಹುದು ಕಣ್ರೀ. ನಿಮ್ಮ ಮಾತು ಸುಳ್ಳಾಗಲಿಲ್ಲ.”

ಆಕೆ ಬೈದುಕೊಂಡೇ ಹೋದರು. ಮುಂದಿನ ವಾರ ಆಕೆಯ ನಾದಿನಿಯರಿಬ್ಬರು ಬಂದು ತಮಗೂ ಅಂಥದ್ದೇ ಬೇಕೆಂದರು. ತರ್ಕಕ್ಕೆ ಸೊರಬದಲ್ಲಿ ಸಿಕ್ಕ ಮೊದಲ ಮರ್ಯಾದೆ ಅದು.

ಪಕ್ಕದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಸಾಹೇಬರ ಅಂಗಡಿ. “ನಾಳೆ ಕರೆಂಟ್ ಇದ್ದರೆ ಮಾಡಿಕೊಡ್ತೀನಿ” ಎನ್ನುವುದು ಅವರ ಮಾಮೂಲು ಮಾತು. ಒಂದು ಸಲ ಹಾಗೆಂದ ಮರುದಿನ ಕರೆಂಟ್ ಇಲ್ಲ, ಮಿಕ್ಸಿಯೂ ಇಲ್ಲ, ಗಿರಾಕಿ ರೇಗುತ್ತಿದ್ದ. ಅತ್ತೆ ಮಷೀನು ಬಿಟ್ಟು ಎದ್ದು ಹೋಗಿ, ಕರೆಂಟ್ ಇದ್ದೂ ಮಾಡದಿದ್ದರೆ ಮಾತ್ರ ಆ ಮಾತು ಸುಳ್ಳು, ಕರೆಂಟೇ ಇಲ್ಲದಾಗ ಸಾಹೇಬರು ಹೇಳಿದ್ದು ಪೂರ್ತಿ ನಿಜ ಎಂದು ತೀರ್ಪು ಕೊಟ್ಟರು. ಸಾಹೇಬರಿಗೆ ಎಷ್ಟು ಖುಷಿಯಾಯಿತೆಂದರೆ, ಆಮೇಲೆ ಅವರು ಬಾಡಿಗೆ ಕೇಳಲು ಬಂದವರಿಗೂ “ಕರೆಂಟ್ ಇದ್ದರೆ” ಎನ್ನತೊಡಗಿದರು.

ಹೀಗಿರುವಾಗ ಆನವಟ್ಟಿಯಿಂದ ಒಂದು ಸುದ್ದಿ ಬಂತು. ಅಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ಒಬ್ಬರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ. “ಮದುವೆಗೆ ಅವರು ಒಪ್ಪಿದರೆ ನಾನೇ ಬಂದು ಮಾತಾಡ್ತೀನಿ” ಎಂದು ನೆಂಟರ ಮೂಲಕ ಅತ್ತೆಗೆ ಹೇಳಿ ಕಳಿಸಿದ್ದರು.

ಅತ್ತೆ ನಾಚಿಕೊಳ್ಳಲಿಲ್ಲ. ಮೇಜಿನ ಮೇಲೆ ಬಾಣ ಬರೆದರು.

“ನಾನು ಒಪ್ಪಿದರೆ ಬರ್ತಾರೆ. ಒಪ್ಪದಿದ್ದರೆ ಎಂತ ಮಾಡ್ತೀನಿ ಅಂತ ಅವರು ಹೇಳಿಲ್ಲ ನೋಡು. ಒಪ್ಪದಿದ್ದರೂ ಬರಬಹುದು. ಬಂದರೆ ತಪ್ಪೇನಿಲ್ಲ.”

ಅಂದಿನಿಂದ ಆನವಟ್ಟಿ ಬಸ್ಸಿನ ಹಾರನ್ ಕೇಳಿದರೆ ಸಾಕು, ಅತ್ತೆಯ ಕಾಲು ತಾನಾಗಿ ಪೆಡಲಿನ ಮೇಲೆ ನಿಲ್ಲುತ್ತಿತ್ತು. ಸೂಜಿ ಅರ್ಧ ಬಟ್ಟೆಯೊಳಗೆ, ಅತ್ತೆ ಪೂರ್ತಿ ಬೀದಿಯಾಚೆ. ಒಂದು ಸಂಜೆ ಆ ಗೊಬ್ಬರದಂಗಡಿಯವರು ನಿಜವಾಗಿಯೂ ಬಂದರು. ಕೈಯಲ್ಲಿ ದಿಂಬಿನ ಕವರಿಗೆಂದು ತಂದ ಬಟ್ಟೆ. ಅಳತೆ ಕೇಳಿದರೆ ದಿಂಬನ್ನು ತಂದಿರಲಿಲ್ಲ. ನಾಳೆ ತರುತ್ತೇನೆ ಎಂದರು, ತಂದರು. ಆಮೇಲೆ ಕವರು ಸಡಿಲವಾಯಿತೆಂದು ಬಂದರು, ಬಿಗಿಯಾಯಿತೆಂದೂ ಬಂದರು. ಅತ್ತೆ ಇದರಲ್ಲಿ ಯಾವ ವಿರೋಧಾಭಾಸವನ್ನೂ ಕಾಣಲಿಲ್ಲ!

ಅಪ್ಪ ಮಾತ್ರ ಕಂಡರು. ಶಿಕಾರಿಪುರದಲ್ಲಿ ಭತ್ತದ ವ್ಯಾಪಾರ ಮಾಡುವ ಅಪ್ಪನಿಗೆ ನಾಲ್ಕು ಜನರ ಮಾತೆಂದರೆ ಹೆದರಿಕೆ. ಆನವಟ್ಟಿಯ ನೆಂಟರನ್ನು ವಿಚಾರಿಸಿದರು, ಓಣಿಯ ಹಿರಿಯರನ್ನು ಕೇಳಿದರು. “ಈ ವಯಸ್ಸಿನಾಗ ಮದುವೆ ಅಂದ್ರ ಜನ ಏನಂತಾರ?” ಎಂದು ನನ್ನನ್ನೂ ಕೇಳಿದರು. ಹಿಂದೆ ಅಜ್ಜಿ ಹಾಸಿಗೆ ಹಿಡಿದಿದ್ದಾಗ, ತಾಯಿಯನ್ನು ನೋಡಿಕೊಳ್ಳಲೆಂದು, ಬಂದ ಗಂಡುಗಳನ್ನೆಲ್ಲ ಅತ್ತೆ ಬೇಡವೆಂದಿದ್ದರು. ಆಗ ಜನ ಏನೂ ಅಂದಿರಲಿಲ್ಲ.

ಆ ವಾರ ಅತ್ತೆ ಶಿಕಾರಿಪುರಕ್ಕೆ ಬಂದಾಗ ಅಂಜನಾಪುರದ ಡ್ಯಾಮಿಗೆ ಕರೆದುಕೊಂಡು ಹೋದೆ. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಏರಿಯ ಮೇಲೆ ಕೂತು ಹೊಸ ಪಾಠ ಹೇಳಿದೆ. “ಡ್ಯಾಮು ತುಂಬಿದೆ, ಅಥವಾ ತುಂಬಿಲ್ಲ. ಈ ಮಾತು ಬೇಸಿಗೆಯಲ್ಲೂ ನಿಜ, ಮಳೆಗಾಲದಲ್ಲೂ ನಿಜ. ಇಂಥದ್ದು ಯಾವ ಸಾಲಿನಲ್ಲೂ ಸುಳ್ಳಾಗೋದಿಲ್ಲ ಅತ್ತೆ.”

ಅತ್ತೆ ನೀರಿನ ಕಡೆಗೆ ತಿರುಗಿದರು. ಒಂದು ಬೆಳ್ಳಕ್ಕಿ ಮಂಜಿನೊಳಗಿಂದ ಬಂದು ಮಂಜಿನೊಳಗೆ ಹೋಯಿತು.

“ಎಷ್ಟು ಸಮಾಧಾನ ನೋಡು ಈ ಮಾತಲ್ಲಿ,” ಎಂದರು. “ಸೋಲೋದೇ ಇಲ್ಲ.”

ಕೊನೆಗೆ ಅಪ್ಪ ಒಂದು ದಾರಿ ಕಂಡುಕೊಂಡರು. ಮನೆದೇವರಲ್ಲಿ ಹೂ ಕೇಳುವುದು. “ಬಲಕ್ಕ ಬಿದ್ರ ನಾನು ಅಡ್ಡ ಬರಾಂಗಿಲ್ಲ.”

“ಎಡಕ್ಕೆ ಬಿದ್ದರೆ?” ಎಂದರು ಅತ್ತೆ.

“ಮುಗೀತು. ಈ ಮಾತು ಮತ್ತ ಎತ್ತಬಾರದು.”

“ಹಾಗಾದರೆ ಬಾಣ ಎರಡೂ ಕಡೆಗೆ. ಹೌದಂದ್ರೆ ಹೌದು, ಇಲ್ಲಂದ್ರೆ ಇಲ್ಲ,” ಎಂದು ಅತ್ತೆ ನನಗೆ ಮೆಲ್ಲಗೆ ಹೇಳಿದರು. ತಮಾಷೆಯಂತೆಯೇ ಹೇಳಿದರು. ನಗು ಮಾತ್ರ ಇರಲಿಲ್ಲ.

ಚಂದ್ರಗುತ್ತಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆದೇವರ ಸಣ್ಣ ಗುಡಿ. ಪೂಜೆಯ ಅಯ್ಯನವರು ದೇವರ ಎಡಕ್ಕೊಂದು, ಬಲಕ್ಕೊಂದು ಒದ್ದೆ ಹೂ ಅಂಟಿಸಿದರು. ಪ್ರಶ್ನೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಬಲದ ಹೂ ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಅತ್ತೆ ಕಣ್ಣು ಮುಚ್ಚಿ ನಿಂತರು. ದೀಪದ ಹೊಗೆ ಸುತ್ತಿ ಸುತ್ತಿ ಮೇಲೇರುತ್ತಿತ್ತು, ಹೊರಗೆಲ್ಲೋ ದನದ ಗಂಟೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ, ನನಗಂತೂ ಅರ್ಧ ಕನಸಿನಲ್ಲಿದ್ದಂತಿತ್ತು. ಬಲದ ಹೂ ಜಾರಿ ಬಿತ್ತು.

ಅಪ್ಪ ಕೈ ಮುಗಿದು ಹೊರಗೆ ನಡೆದರು. ಗುಡಿಯ ಕಟ್ಟೆಯ ಮೇಲೆ ಕೂತಾಗ ಅತ್ತೆ ನನ್ನ ಕಿವಿಯಲ್ಲಿ ಹೇಳಿದರು: “ನಾನು ಕೇಳಿದ್ದು ಬೇರೆ ಕಣೆ. ‘ಈ ಮದುವೆ ಆಗ್ತದೆ, ಅಥವಾ ಆಗಲ್ಲ, ಹೌದಾ?’ ಅಂತ ಕೇಳಿದೆ. ಅದಕ್ಕೆ ದೇವರು ಇಲ್ಲ ಅನ್ನೋ ಹಾಗೇ ಇಲ್ಲ.”

ನಾನು ಅವರತ್ತ ತಿರುಗಿದೆ. “ಅತ್ತೆ, ದೇವರು ನಮ್ಮ ಪುಸ್ತಕ ಓದಿದ್ದಾನಾ? ಹೂ ಎಡಕ್ಕೇ ಜಾರಿದ್ದರೆ?”

ಅತ್ತೆ ನನ್ನ ಮುಖವನ್ನೇ ನೋಡಿದರು. ಅದು ಅವರಿಗೆ ಹೊಳೆದೇ ಇರಲಿಲ್ಲ. “ದೇವರು ಸುಳ್ಳು ಹೇಳ್ತಾನೇನೆ?” ಎಂದು ನನ್ನ ಕೈ ಹಿಡಿದುಕೊಂಡರು. ನನಗೆ ಅಳು ಬಂತು.

ಸ್ವಲ್ಪ ಹೊತ್ತಿಗೆ ಅವರೇ ಅಪ್ಪನನ್ನು ಕರೆದರು. ಕೇಳಿದ ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. “ಸರಿಯಾಗಿ ಕೇಳಬೇಕು ಅಂತಲೇ ನಿಂತೆ ಅಣ್ಣ. ಎಡಕ್ಕೆ ಬಿದ್ದರೆ ಅಂತ ಭಯ ಆಯ್ತು. ನಿನ್ನ ಒಪ್ಪಿಗೆ ಈಗ ಲೆಕ್ಕಕ್ಕಿಲ್ಲ. ಬೇಕಾದರೆ ವಾಪಸ್ ತಗೋ.”

ಅಪ್ಪನಿಗೆ ತರ್ಕ ಅರ್ಥವಾಗಲಿಲ್ಲ. ಭಯ ಅರ್ಥವಾಯಿತು. ತಂಗಿಯ ಪಕ್ಕದಲ್ಲಿ ಬಂದು ಕೂತರು.

“ಅಷ್ಟು ಬೇಕಾಗಿತ್ತೇನವ್ವ ನಿಂಗ? ನನಗ್ಯಾಕ ಹೇಳ್ಲಿಲ್ಲ?”

“ನೀನು ನೆಂಟರನ್ನ ಕೇಳಿದೆ. ಓಣಿಯವರನ್ನ ಕೇಳಿದೆ. ದೇವರನ್ನೂ ಕೇಳು ಅಂದೆ. ನನ್ನನ್ನ ನೀನು ಕೇಳಲೇ ಇಲ್ಲಲ್ಲ.”

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. 

“ಈಗ ಕೇಳ್ತೀನಿ. ಮಾಡ್ಕೊಳ್ತೀಯೇನು?”

“ಮಾಡ್ಕೊಳ್ತೀನಿ,” ಎಂದರು ಅತ್ತೆ, ಸೆರಗಿನೊಳಗೆ, ಬಹಳ ಸಣ್ಣ ದನಿಯಲ್ಲಿ. ಅಪ್ಪನಿಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಿದರು. ಅತ್ತೆ ತಲೆಯೆತ್ತಿ ಇನ್ನೊಮ್ಮೆ ಹೇಳಿದರು.