ಅರ್ಧ ರೊಟ್ಟಿಯ ಸ್ವರಾಜ್ಯ

ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾದದ್ದು ನಮ್ಮ ಕಾಕಾನ ಹೊಟ್ಟೆಗಾಗಿ ಎಂದರೆ ನೀವು ನಂಬುವುದಿಲ್ಲ. ಕಾಕಾ ನಂಬಿದ್ದ!

ವನದುರ್ಗದ ಸುತ್ತ ಕುರಿ ಮೇಯಿಸುತ್ತಿದ್ದ ಮನುಷ್ಯ. ಊಟಕ್ಕೆ ಕೂತರೆ ಚಿಗವ್ವ ಒಲೆ ಬಿಟ್ಟು ಏಳುವಂತಿರಲಿಲ್ಲ. ಬೀಗರು ಮನೆಯಲ್ಲಿ ಜೋಳ ಎಷ್ಟಿದೆ ನೋಡಿಕೊಂಡೇ ಅವನಿಗೆ "ಬರ್ರಿ" ಅನ್ನುತ್ತಿದ್ದರು. ಅಂಥವನು ಒಂದು ದಿನ ಅರ್ಧ ರೊಟ್ಟಿ ತಿಂದು ಕೈ ತೊಳೆದುಬಿಟ್ಟ!

"ಯಾಕ್ರಿ, ಪಲ್ಯ ಸಪ್ಪಗಾಗ್ಯಾದೇನು?" ಎಂದಳು ಚಿಗವ್ವ.

"ಏ ಹುಚ್ಚಿ, ಹೊಟ್ಟಿ ತುಂಬ್ಯಾದ! ನಿಜಾಮನ ಕಾಲದಾಗ ಎಂಟು ತಿಂದ್ರೂ ತುಂಬತಿದ್ದಿಲ್ಲ. ಈಗ ನೋಡು, ನಮ್ಮ ಸರಕಾರ!"

ಸುದ್ದಿ ಹಬ್ಬಿತು. ಸುರಪುರದ ಸಭೆಯಲ್ಲಿ ಪುಢಾರಿಯೊಬ್ಬ ಅವನನ್ನು ವೇದಿಕೆಗೇ ಹತ್ತಿಸಿ "ಈ ಹೊಟ್ಟಿ ನೋಡ್ರಿ!" ಎಂದು ಗುಡುಗಿದ. ಕೆಳಗಿನಿಂದ ಯಾರೋ ಕೂಗಿದರು: "ನಮ್ಮ ಹೊಟ್ಟಿ ಯಾವಾಗ ವಿಲೀನ ಆಗತದ್ರಿ?"

ಬರಬರುತ್ತ ಕಾಕಾನ ಅಂಗಿ ಜೋಲಾಡತೊಡಗಿತು. "ಮಂತ್ರಿ ಆಗೋರು ತೆಳ್ಳಗಿರಬೇಕು" ಎಂದ. ಎದೆ ಉರಿಯಿತು. "ಹಳೇ ಸರಕಾರದವರು ಒಳಗ ಉಳದಾರ, ಖಾಲಿ ಮಾಡಾಕತ್ತಾರ!"

ನಗದೆ ಉಳಿದವಳು ಅಜ್ಜಿ ಒಬ್ಬಳೇ. ನನ್ನನ್ನು ಕರೆದು ಕೇಳಿದಳು: "ನಿಮ್ಮ ಮುತ್ಯಾ, ನನ್ನ ಗಂಡನೂ ಹಿಂಗೇ ಅರ್ಧ ರೊಟ್ಟಿಗೆ ಬಂದಿದ್ದ. ನಿಮ್ಮಪ್ಪನೂ ಹಂಗೇ. ಆವಾಗ ಯಾವ ಸರಕಾರ ಇತ್ತಪಾ?"

ನಾನು ಬಿ.ಎ. ಪಾಸಾದವನು, ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದ ಮೊದಲಿಗ. ಆದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ದವಾಖಾನೆ ಎಂದರೆ ಕಾಕಾ ಬರುವವನೇ? "ಹೈದರಾಬಾದಿನ್ಯಾಗ ನಿನ್ನ ಹೊಟ್ಟಿ ಫೋಟೋ ತೆಗೀತಾರಂತ" ಎಂದೆ. ಸುಳ್ಳೇನಲ್ಲ! ಹೊಸ ರುಮಾಲು ಸುತ್ತಿಕೊಂಡು ಯಾದಗಿರಿಯಲ್ಲಿ ರೈಲು ಹತ್ತಿದ. ಅಲ್ಲಿ ಸುಣ್ಣದಂಥ ನೀರು ಕುಡಿಸಿ ಎಕ್ಸ್‌ರೇ ತೆಗೆದರು. ಕಾಕಾ ಅದನ್ನು ನೋಡಿದ್ದೇ ಜಗಳಕ್ಕೆ ನಿಂತ: "ನನ್ನ ಮಾರಿನೇ ಬಂದಿಲ್ಲಲ್ರಿ ಇದರಾಗ, ಕಣ್ಣಿಲ್ಲ, ಮೂಗಿಲ್ಲ!"

ಡಾಕ್ಟರು ನಮ್ಮ ಕಡೆಯವರೇ. ಮೆಲ್ಲಗೆ ಹೇಳಿದರು: "ಜಠರದಾಗ ಗಡ್ಡಿ ಅದ. ಕ್ಯಾನ್ಸರು. ಇನ್ನೂ ಹರಡಿದಂಗ ಕಾಣಂಗಿಲ್ಲ, ಕೊಯ್ದು ತೆಗಿಯೋಣು. ಮನ್ಯಾಗ ಯಾರಿಗರ ಇತ್ತೇನು?"

"ನಮ್ಮಪ್ಪಗ ಇತ್ರಿ. ನಮ್ಮಣ್ಣಗೂ" ಎಂದ ಕಾಕಾ.

"ಕೆಲವು ಮನಿತನದಾಗ ಇದು ರಕ್ತದಾಗೇ ಇಳಕೋತ ಬರತದ" ಎನ್ನುತ್ತ ಡಾಕ್ಟರು ನನ್ನತ್ತ ಬೆರಳು ಮಾಡಿ ಕಾಕಾನನ್ನು ಕೇಳಿದರು. "ಇಂವ ನಿಮಗೇನಾಗಬೇಕು?"

ಅಪ್ಪ ಸತ್ತಾಗಿನಿಂದ ನನ್ನನ್ನು ಸಾಕಿದವನು, ಕುರಿ ಮಾರಿ ಮಾರಿ ಓದಿಸಿದವನು, ನನ್ನ ಮುಖ ನೋಡಿದ.

"ಏನೂ ಆಗಬೇಕಿಲ್ರಿ ಸಾಹೇಬ್ರ. ಇಂವ ನಮ್ಮಾಂವ ಅಲ್ಲ. ರೈಲಿನ್ಯಾಗ ಸಿಕ್ಕಾನ."

ಹಾಗೆಂದವನು ನನ್ನ ಕೈ ಹಿಡಿದುಕೊಂಡ. ಬಿಡಲೇ ಇಲ್ಲ.